ಗದ್ದುಗೆ, ಖಲೀಫರ ಪತ್ರ ಮತ್ತು ಕನಸು: ಕಾರ್ನಾಡರ ಎರಡು ನಾಟಕಗಳ ಮರುಓದು

ಗಿರೀಶ ಕಾರ್ನಾಡರು ಮುಸ್ಲಿಂ ಅರಸರನ್ನು ನಾಯಕರನ್ನಾಗಿ ಆರಿಸಿಕೊಂಡು ರಚಿಸಿದ ಎರಡು ನಾಟಕಗಳು ಕನ್ನಡ ರಂಗಸಾಹಿತ್ಯದಲ್ಲಿ ವಿಶಿಷ್ಟ ಸ್ಥಾನ ಪಡೆದಿವೆ. 1964ರಲ್ಲಿ ಪ್ರಕಟವಾದ ‘ತುಘಲಕ್’ ಮೊದಲನೆಯದು. ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ, 1997ರಲ್ಲಿ, ಬಿಬಿಸಿ ರೇಡಿಯೋಗಾಗಿ ಇಂಗ್ಲಿಷಿನಲ್ಲಿ ರಚಿತವಾಗಿ ಬಳಿಕ ಕನ್ನಡಕ್ಕೆ ಬಂದ ‘ಟಿಪ್ಪು ಸುಲ್ತಾನ ಕಂಡ ಕನಸು’ ಎರಡನೆಯದು. ಮೊದಲನೆಯದನ್ನು ಕುರಿತು ವಿಮರ್ಶಕರು ವಿಪುಲವಾಗಿ ಬರೆದಿದ್ದಾರೆ; ಎರಡನೆಯದನ್ನು ಕುರಿತು ವಿಮರ್ಶೆಗಿಂತ ವಾದವಿವಾದಗಳೇ ಹೆಚ್ಚಾಗಿ ನಡೆದಿವೆ. ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗ ಒಂದು ಪ್ರಶ್ನೆ ಎದ್ದುಬರುತ್ತದೆ. ಅರಸನಾದವನು ತನ್ನ ಧರ್ಮದ ಆಜ್ಞೆಯಂತೆ ರಾಜ್ಯವಾಳುತ್ತಾನೆಯೆ, ಇಲ್ಲವೆ ರಾಜ್ಯವಾಳುವುದಕ್ಕಾಗಿ ಧರ್ಮವನ್ನು ಕರೆದುಕೊಳ್ಳುತ್ತಾನೆಯೆ? ಈ ಪ್ರಶ್ನೆಯನ್ನು ಎರಡು ನಾಟಕಗಳು ಹೇಗೆ ಎದುರಿಸಿವೆ, ಎಲ್ಲಿ ಗೆದ್ದಿವೆ, ಎಲ್ಲಿ ಹಿಂಜರಿದಿವೆ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನೀಲಗಿರಿಯ ಕನ್ನಡಿಗರಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ತೆಪ್ಪಕಾಡಿನಲ್ಲಿ ಕವಲೊಡೆದು, ಒಂದೆಡೆ ಗೂಡಲೂರಿಗೆ, ಇನ್ನೊಂದೆಡೆ ಮಸಿನಗುಡಿಗೆ ಸಾಗುವ ದಾರಿಯ ಎರಡೂ ಬದಿಯ ನೆಲ ಒಂದು ಕಾಲಕ್ಕೆ ಶ್ರೀರಂಗಪಟ್ಟಣದ ಆಳ್ವಿಕೆಗೆ ಸೇರಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆಯೇ ಈ ಬೆಟ್ಟಗಳು ಕೊಯಮತ್ತೂರಿನೊಂದಿಗೆ ಕಂಪನಿ ಸರ್ಕಾರಕ್ಕೆ ಸೇರಿದವು. ಗೂಡಲೂರು ಸೀಮೆಯಾದರೋ ಮಲಬಾರ್ ಜಿಲ್ಲೆಯ ವಯನಾಡಿನ ಭಾಗವಾಗಿದ್ದು, 1877ರಲ್ಲಿ ನೀಲಗಿರಿಗೆ ಸೇರಿತು. ಹೀಗಾಗಿ ನಮ್ಮ ನೆರೆಹೊರೆಯಲ್ಲಿ ಟಿಪ್ಪುವಿನ ಹೆಸರು ಒಂದೊಂದು ಮನೆಯಲ್ಲಿ ಒಂದೊಂದು ಬಗೆಯಾಗಿ ಕೇಳಿಸುತ್ತದೆ. ಮೈಸೂರು ಕಡೆಯಿಂದ ಬಂದವರಿಗೆ ಅವನು ಕಂಪನಿಯ ಎದುರು ಹೋರಾಡಿ ಮಡಿದ ಅರಸು. ಕೊಡವರಿಗೂ ಮಲಬಾರಿನ ನಾಯರ್ ಮನೆತನಗಳಿಗೂ ಅವನು ನೆಲೆ ತಪ್ಪಿಸಿದವನು. ಮೇಲುಕೋಟೆ ಮೂಲದ ಮಂಡ್ಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿಯ ದಿನ ಇಂದಿಗೂ ದೀಪಾವಳಿಯನ್ನು ಆಚರಿಸುವುದಿಲ್ಲ. ಇಷ್ಟು ಬಗೆಯ ನೆನಪುಗಳು ಒಂದೇ ಬೀದಿಯಲ್ಲಿ ಬಾಳುವಾಗ, ಸಾಹಿತ್ಯಕೃತಿಯೊಂದು ನಮಗೆ ಯಾವ ನೆರವು ನೀಡಬಲ್ಲದು ಎಂಬುದು ಬರಿಯ ರಸಾಸ್ವಾದದ ಪ್ರಶ್ನೆಯಾಗಿ ಉಳಿಯದು.

ಮೊದಲು ‘ತುಘಲಕ್’ ನಾಟಕವನ್ನು ನೋಡೋಣ. ತಮಿಳುನಾಡಿನಲ್ಲಿ ಈ ಹೆಸರು ಕೇಳಿದೊಡನೆ ಹೆಚ್ಚಿನವರಿಗೆ ನೆನಪಾಗುವವರು ಚೋ ರಾಮಸ್ವಾಮಿ. 1968ರಲ್ಲಿ ಅವರು ರಂಗಕ್ಕೆ ತಂದ ‘ಮುಹಮ್ಮದ್ ಬಿನ್ ತುಘಲಕ್’ ರಾಜಕೀಯ ವಿಡಂಬನೆ. 1970ರಲ್ಲಿ ಅದೇ ಹೆಸರಿನ ಪತ್ರಿಕೆ, 1971ರಲ್ಲಿ ಅದೇ ನಾಟಕದ ಚಲನಚಿತ್ರ ಬಂದವು. ಚೋ ಅವರ ತುಘಲಕ್ ಚುನಾವಣೆಯ ರಾಜಕಾರಣವನ್ನು ನಗೆಗೀಡುಮಾಡುತ್ತಾನೆ. ಅರಸನ ಧರ್ಮ ಅಲ್ಲಿ ಚರ್ಚೆಗೆ ಬರುವ ವಿಷಯವೇ ಅಲ್ಲ. ಕಾರ್ನಾಡರ ತುಘಲಕ್ ಬೇರೆ ಜಾತಿಯವನು. ನಾಟಕ ತೆರೆದುಕೊಳ್ಳುವುದೇ ಒಂದು ನ್ಯಾಯತೀರ್ಪಿನಿಂದ: ಬ್ರಾಹ್ಮಣನೊಬ್ಬನು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಪ್ರಜೆಗಳು ಬೆರಗಾಗುತ್ತಾರೆ. ಆದರೆ ಆ ಬ್ರಾಹ್ಮಣನು ವೇಷ ಮರೆಸಿಕೊಂಡ ಅಜೀಜನೆಂಬ ಅಗಸ ಎಂಬುದು ಪ್ರೇಕ್ಷಕರಿಗೆ ಬೇಗನೆ ತಿಳಿಯುತ್ತದೆ. ಸಮದೃಷ್ಟಿಯ ಆಡಳಿತವೆಂಬ ಆದರ್ಶವನ್ನು ಮೊದಲು ಬಳಸಿಕೊಂಡವನು ವಂಚಕ. ಧರ್ಮಭೇದವಿಲ್ಲದ ನ್ಯಾಯಕ್ಕೂ, ಆ ನ್ಯಾಯದ ಪ್ರದರ್ಶನಕ್ಕೂ ನಡುವೆ ಇರುವ ಅಂತರವನ್ನು ಕಾರ್ನಾಡರು ಮೊದಲ ದೃಶ್ಯದಲ್ಲಿಯೇ ನಮ್ಮ ಮುಂದಿಡುತ್ತಾರೆ.

ಈ ನಾಟಕದಲ್ಲಿ ನಮಾಜು ಒಂದು ಪಾತ್ರದಷ್ಟೇ ಮುಖ್ಯವಾದ ಕೆಲಸ ಮಾಡುತ್ತದೆ. ಸುಲ್ತಾನನು ದಿನಕ್ಕೆ ಐದು ಬಾರಿ ನಮಾಜನ್ನು ಕಡ್ಡಾಯಗೊಳಿಸುತ್ತಾನೆ. ಪ್ರಾರ್ಥನೆಯ ವೇಳೆಯಲ್ಲಿ ಯಾರೂ ಆಯುಧ ಹಿಡಿಯರೆಂಬ ಕಾರಣಕ್ಕೆ ಅಮೀರರು ಅದೇ ವೇಳೆಯನ್ನು ಅವನ ಕೊಲೆಗೆ ಗೊತ್ತುಮಾಡುತ್ತಾರೆ; ಅದನ್ನು ಮೊದಲೇ ತಿಳಿದ ಅವನು ಪರದೆಯ ಹಿಂದೆ ಹಿಂದೂ ಕಾವಲುಗಾರರನ್ನು ನಿಲ್ಲಿಸುತ್ತಾನೆ. ಸಂಚುಗಾರರು ಸೆರೆಯಾಗುತ್ತಿರುವಾಗಲೂ ಅವನ ಪ್ರಾರ್ಥನೆ ನಡೆದೇ ಇರುತ್ತದೆ. ಅದಾದ ಮೇಲೆ ರಾಜ್ಯದಲ್ಲಿ ನಮಾಜೇ ನಿಷಿದ್ಧವಾಗುತ್ತದೆ. ಕೊನೆಗೆ ಅಬ್ಬಾಸಿ ವಂಶದ ಘಿಯಾಸುದ್ದೀನನು ಬಂದನೆಂಬ ಕಾರಣಕ್ಕೆ ಮತ್ತೆ ಆರಂಭವಾಗುತ್ತದೆ. ಬಂದವನಾದರೋ ನಿಜವಾದ ಘಿಯಾಸುದ್ದೀನನಲ್ಲ, ಅವನನ್ನು ಕೊಂದು ಅವನ ಉಡುಪು ಧರಿಸಿದ ಅದೇ ಅಜೀಜ. ಹೀಗೆ ಕಡ್ಡಾಯ, ಕಳಂಕ, ನಿಷೇಧ, ಪುನರಾರಂಭ ಎಂಬ ನಾಲ್ಕು ಘಟ್ಟಗಳಲ್ಲಿಯೂ ಪ್ರಾರ್ಥನೆ ರಾಜಾಜ್ಞೆಯ ವಸ್ತುವಾಗಿ ಬಿಡುತ್ತದೆ.

ಇದು ನಾಟಕಕಾರರ ಕಲ್ಪನೆಯಷ್ಟೇ ಎಂದು ಭಾವಿಸುವಂತಿಲ್ಲ. 1325ರಿಂದ 1351ರವರೆಗೆ ಆಳಿದ ಮುಹಮ್ಮದ್ ಬಿನ್ ತುಘಲಕನು, ಖಲೀಫರ ಒಪ್ಪಿಗೆಯಿಲ್ಲದ ಅರಸುತನ ಅಧಿಕೃತವಲ್ಲವೆಂದು ನಂಬಿ, ಶುಕ್ರವಾರದ ಮತ್ತು ಈದ್ ಹಬ್ಬಗಳ ಸಾಮೂಹಿಕ ಪ್ರಾರ್ಥನೆಯನ್ನು ತಡೆಹಿಡಿದಿದ್ದನೆಂದು ಅವನ ಆಸ್ಥಾನದಲ್ಲಿದ್ದ ಇತಿಹಾಸಕಾರ ಬರನಿ ದಾಖಲಿಸಿದ್ದಾನೆ. ನಾಣ್ಯಗಳ ಮೇಲೆ ತನ್ನ ಹೆಸರನ್ನು ಬಿಟ್ಟು ಖಲೀಫರ ಹೆಸರನ್ನು ಅಚ್ಚು ಹಾಕಿಸಿದ. ಕೈರೋದಲ್ಲಿದ್ದ ಅಬ್ಬಾಸಿ ಖಲೀಫರಿಂದ ಮನ್ನಣೆಯ ಪತ್ರ ಬಂದಾಗ ಅದನ್ನು ವೈಭವದಿಂದ ಬರಮಾಡಿಕೊಂಡ. ಆಗ ಅವನ ರಾಜ್ಯದ ನಾಲ್ಕು ದಿಕ್ಕುಗಳಲ್ಲಿಯೂ ದಂಗೆಗಳು ಎದ್ದಿದ್ದವು. ಒಳಗಿನ ಒಪ್ಪಿಗೆ ಸಡಿಲವಾದಂತೆ ಹೊರಗಿನ ಒಪ್ಪಿಗೆಯ ಅಗತ್ಯ ಹೆಚ್ಚುತ್ತ ಹೋಯಿತು. ಶೇಖ್ ಇಮಾಮುದ್ದೀನನ ಪಾತ್ರದ ಮೂಲಕ ಕಾರ್ನಾಡರು ಇದನ್ನೇ ಸುಲ್ತಾನನ ಎದುರಿಗೆ ಇಡುತ್ತಾರೆ: ಧರ್ಮಗ್ರಂಥವನ್ನು ಪೂರ್ಣವಾಗಿ ನಂಬು ಎಂದು ಶೇಖನ ಒತ್ತಾಯ, ಗ್ರೀಕ್ ತತ್ತ್ವಜ್ಞಾನದ ರುಚಿ ಕಂಡ ತನ್ನ ಮನಸ್ಸನ್ನು ಒಡೆದುಹಾಕಲಾರೆನೆಂದು ಸುಲ್ತಾನನ ಉತ್ತರ. ಇಬ್ಬರ ಮಾತಿನಲ್ಲಿಯೂ ತೂಕವಿದೆ. ಆ ವಾದವನ್ನು ಸುಲ್ತಾನನು ಮಾತಿನಿಂದ ಗೆಲ್ಲದೆ ಶೇಖನನ್ನು ಸಾವಿಗೆ ಕಳುಹಿಸುವ ಮೂಲಕ ಮುಗಿಸುವುದೇ ನಾಟಕದ ನೈತಿಕ ತಿರುವು. ಸಿ.ಆರ್. ಸಿಂಹ ಅವರಂಥ ನಟರು ಈ ಪಾತ್ರವನ್ನು ಪ್ರೇಕ್ಷಕರ ನೆನಪಿನಲ್ಲಿ ನೆಲೆಗೊಳಿಸಿದ್ದರ ಹಿಂದೆ ಬರವಣಿಗೆಯ ಈ ಬಲವೂ ಇದೆ.

ಈಗ ಶ್ರೀರಂಗಪಟ್ಟಣಕ್ಕೆ ಬರೋಣ. 1761ರಲ್ಲಿ ಅಧಿಕಾರವನ್ನು ಕೈಗೆ ತೆಗೆದುಕೊಂಡ ಹೈದರಾಲಿಯು ಒಡೆಯರ ವಂಶದ ಅರಸರನ್ನು ಹೆಸರಿಗೆ ಗದ್ದುಗೆಯ ಮೇಲೆ ಉಳಿಸಿಕೊಂಡ. ಅವನ ಚಿನ್ನದ ವರಾಹದ ಒಂದು ಮಗ್ಗುಲಲ್ಲಿ ಶಿವ ಪಾರ್ವತಿಯರ ಮೂರ್ತಿ, ಇನ್ನೊಂದು ಮಗ್ಗುಲಲ್ಲಿ ಅವನ ಹೆಸರಿನ ಮೊದಲ ಫಾರ್ಸಿ ಅಕ್ಷರ. ಈ ನಾಣ್ಯವೇ ಅವನ ರಾಜನೀತಿಯ ಸಂಗ್ರಹರೂಪ. 1782ರ ಕೊನೆಯಲ್ಲಿ ಪಟ್ಟಕ್ಕೆ ಬಂದ ಟಿಪ್ಪುವಿಗೆ ಅಷ್ಟು ಸಾಕಾಗಲಿಲ್ಲ. ಹೈದರಾಬಾದಿನ ನಿಜಾಮನ ಕಣ್ಣಿಗೆ ಅವನು ಅನ್ಯರ ಗದ್ದುಗೆ ಕಸಿದ ಸೇನಾನಿಯ ಮಗ. ಮರಾಠರಿಗೂ ಕಂಪನಿಗೂ ಹಾಗೆಯೇ. ಆದ್ದರಿಂದ ಅವನು ಪಾದಶಾಹನೆಂಬ ಬಿರುದು ಧರಿಸಿ, ತನ್ನ ಸರ್ಕಾರವನ್ನು ‘ಖುದಾದಾದ್’, ಎಂದರೆ ದೇವದತ್ತ, ಎಂದು ಕರೆದುಕೊಂಡ. ದೆಹಲಿಯ ಮೊಗಲ ಪಾದಶಾಹನ ಹೆಸರನ್ನು ನಾಣ್ಯದಿಂದ ದೂರವಿಟ್ಟ. 1786ರಲ್ಲಿ ಘುಲಾಂ ಅಲಿ ಖಾನನ ನೇತೃತ್ವದಲ್ಲಿ ಒಂದು ರಾಯಭಾರವನ್ನು ಸಮುದ್ರಮಾರ್ಗವಾಗಿ ಕಾನ್‌ಸ್ಟಾಂಟಿನೋಪಲಿಗೆ ಕಳುಹಿಸಿದ. ಖಲೀಫರಾಗಿದ್ದ ತುರ್ಕಿಯ ಸುಲ್ತಾನ ಒಂದನೆಯ ಅಬ್ದುಲ್ ಹಮೀದನಿಂದ ಸ್ವತಂತ್ರ ಅರಸನೆಂಬ ಮನ್ನಣೆ ದೊರೆಯಿತು; ಬೇಕಾಗಿದ್ದ ಸೈನ್ಯದ ನೆರವು ದೊರೆಯಲಿಲ್ಲ.

ನಾಲ್ಕು ಶತಮಾನಗಳಿಗೂ ಮಿಕ್ಕ ಅಂತರದಲ್ಲಿ ಇಬ್ಬರು ಅರಸರು ಒಂದೇ ಬಗೆಯ ಪತ್ರಕ್ಕಾಗಿ ದೂರದೇಶದತ್ತ ಮುಖಮಾಡಿದರು ಎಂಬುದು ಆಕಸ್ಮಿಕವಲ್ಲ. ಇಸ್ಲಾಮು ಇಲ್ಲಿ ರಾಜ್ಯಭಾರಕ್ಕೆ ಮೊದಲು ಒದಗಿಸಿಕೊಟ್ಟದ್ದು ಅಂಗೀಕಾರದ ಭಾಷೆಯನ್ನು. ಹಿಂದೂ ಅರಸರಿಗೆ ಪಟ್ಟಾಭಿಷೇಕವೂ ವಂಶಾವಳಿಯೂ ಮಠಗಳ ಆಶೀರ್ವಾದವೂ ಮಾಡುತ್ತಿದ್ದ ಕೆಲಸವನ್ನು ಅವರಿಗೆ ಖಲೀಫರ ಪತ್ರ, ಶುಕ್ರವಾರದ ಖುತ್ಬಾ, ನಾಣ್ಯದ ಬರಹ ಮಾಡಬೇಕಾಗಿತ್ತು. ಟಿಪ್ಪು ತನ್ನ ನಾಣ್ಯಗಳಿಗೆ ಪ್ರವಾದಿಯವರ, ಖಲೀಫರ, ಇಮಾಮರ ಹೆಸರುಗಳನ್ನಿಟ್ಟ: ಅಹಮದಿ, ಸಿದ್ದೀಕಿ, ಫಾರೂಕಿ, ಇಮಾಮಿ, ಜಾಫರಿ. ಆದರೆ ಒಡೆಯರ ಕಾಲದ ಆನೆ ತಾಮ್ರದ ಕಾಸಿನ ಮೇಲೆ ಉಳಿದೇ ಉಳಿಯಿತು. ಹಿಜರಿ ಶಕೆಯ ಬದಲಿಗೆ ಪ್ರವಾದಿಯವರ ಜನನದ ಲೆಕ್ಕದಿಂದ ಮೌಲೂದಿ ಶಕೆಯನ್ನು ಜಾರಿಗೆ ತಂದ. ಮಾಸಗಳಿಗೂ ಸಂವತ್ಸರಗಳಿಗೂ ಹೊಸ ಹೆಸರುಗಳು ಬಂದವು. ಒಳಗಿನ ಗಣಿತ ಮಾತ್ರ ನಮ್ಮ ಪಂಚಾಂಗದ್ದೇ. ಅರವತ್ತು ಸಂವತ್ಸರಗಳ ಚಕ್ರವೂ ಅಧಿಕಮಾಸವೂ ಹಾಗೆಯೇ ಉಳಿದವು. ರೈತನು ಉತ್ತು ಬಿತ್ತಿ ಬೆಳೆದು ಕಂದಾಯ ಕಟ್ಟುವುದು ಋತುಗಳಿಗನುಸಾರವಾಗಿ. ಶುದ್ಧ ಚಾಂದ್ರಮಾನದಿಂದ ಕಂದಾಯದ ಲೆಕ್ಕ ನಡೆಯದು. ಹೆಸರು ಧರ್ಮದ್ದು, ಲೆಕ್ಕ ನೆಲದ್ದು.

ದಿನನಿತ್ಯದ ಆಡಳಿತವನ್ನು ನೋಡಿದರೂ ಇದೇ ಚಿತ್ರ. ಹಣಕಾಸನ್ನು ನೋಡಿಕೊಂಡವರು ಪೂರ್ಣಯ್ಯ, ಕೃಷ್ಣರಾಯರು. ಹಳ್ಳಿಯ ಲೆಕ್ಕ ಶಾನುಭೋಗರ ಕೈಯಲ್ಲಿ. ನೇಗಿಲು ಕೊಳ್ಳಲಾರದ ರೈತನಿಗೆ ತಕಾವಿ ಸಾಲ ಕೊಡಿಸುವ ನಿಯಮಗಳು ಅವನ ಕಂದಾಯದ ಆಜ್ಞೆಗಳಲ್ಲಿವೆ. ಅದೇ ವೇಳೆ ಮೇಲಿನ ಲೆಕ್ಕಪತ್ರಗಳಿಗೆ ಫಾರ್ಸಿಯನ್ನು ತಂದದ್ದರಿಂದ ಕನ್ನಡದ ಲೆಕ್ಕಿಗರಿಗೆ ತೊಡಕಾಯಿತೆಂಬುದನ್ನೂ ಕನ್ನಡಿಗರಾದ ನಾವು ಮರೆಯಬೇಕಾಗಿಲ್ಲ. ಬಿಜಾಪುರದ ಕಾಲದಿಂದಲೇ ಹರಿದುಬರುತ್ತಿದ್ದ ಆ ಶಬ್ದಪ್ರವಾಹ ಇಂದಿಗೂ ನಮ್ಮ ನಾಲಗೆಯ ಮೇಲಿದೆ. ಉದಕಮಂಡಲದ ತಾಲ್ಲೂಕು ಕಚೇರಿಯಲ್ಲಿ ತಹಶೀಲ್ದಾರರಿಗೆ ಅರ್ಜಿ ಕೊಡುವ, ಜಮಾಬಂದಿಗೆ ಕಾಯುವ, ಬಾಕಿ ವಸೂಲಿಯ ನೋಟೀಸು ಪಡೆಯುವ ನಮ್ಮಲ್ಲಿ ಯಾರೂ ಆ ಮಾತುಗಳ ಮತವನ್ನು ಕೇಳುವುದಿಲ್ಲ.

ಇನ್ನು ನಾಟಕದ ಮಾತು. ಟಿಪ್ಪು ತನ್ನ ಕೈಯಾರೆ ಫಾರ್ಸಿಯಲ್ಲಿ ಬರೆದಿಟ್ಟ 37 ಕನಸುಗಳ ಪುಸ್ತಕ ಶ್ರೀರಂಗಪಟ್ಟಣದ ಅರಮನೆಯಲ್ಲಿ ಕರ್ನಲ್ ಕರ್ಕ್‌ಪ್ಯಾಟ್ರಿಕ್‌ನ ಕೈಗೆ ಸಿಕ್ಕಿತು. ಕಾರ್ನಾಡರು ಅದನ್ನೇ ಬೀಜವಾಗಿಟ್ಟುಕೊಂಡು, ಇತಿಹಾಸಕಾರ ಕಿರ್ಮಾನಿ ಮತ್ತು ಕಾಲಿನ್ ಮೆಕೆಂಜಿ ಇವರ ಸಂವಾದದ ಚೌಕಟ್ಟಿನಲ್ಲಿ ಕಥೆ ಹೇಳಿಸುತ್ತಾರೆ. ಒಡೆಯನ ಉಪ್ಪುಂಡು ಈಗ ಶತ್ರುವಿನ ಆಶ್ರಯದಲ್ಲಿ ಅದೇ ಒಡೆಯನ ಚರಿತ್ರೆ ಬರೆಯಬೇಕಾದ ಕಿರ್ಮಾನಿಯ ಸಂಕಟ ನಾಟಕದ ಅತ್ಯುತ್ತಮ ಭಾಗ. 1792ರಲ್ಲಿ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸುವ ಪ್ರಸಂಗ ಓದುವ ತಾಯಿತಂದೆಯರ ಕರುಳನ್ನು ಹಿಂಡುತ್ತದೆ. ವ್ಯಾಪಾರ, ರೇಷ್ಮೆ, ಫ್ರಾನ್ಸಿನ ಸ್ನೇಹ ಇವುಗಳ ಬಗ್ಗೆ ಟಿಪ್ಪುವಿನ ಉತ್ಸಾಹವನ್ನು ನಾಟಕ ಸೊಗಸಾಗಿ ಮೂಡಿಸಿದೆ.

ಆದರೂ ನಮ್ಮ ಪ್ರಶ್ನೆಗೆ ಈ ನಾಟಕ ಪೂರ್ಣ ಉತ್ತರ ಕೊಡುವುದಿಲ್ಲ. ‘ತುಘಲಕ್’ ನಾಟಕದಲ್ಲಿ ಇಮಾಮುದ್ದೀನನು ಮಾಡುವ ಕೆಲಸವನ್ನು ಇಲ್ಲಿ ಯಾರೂ ಮಾಡುವುದಿಲ್ಲ. ನಾಯಕನ ಎದುರಾಳಿ ಕಂಪನಿ. ಕಂಪನಿಯ ಕುಟಿಲತೆಯ ಎದುರು ಅವನು ಸಹಜವಾಗಿಯೇ ಎತ್ತರವಾಗಿ ಕಾಣುತ್ತಾನೆ. ಅವನ ನಂಬಿಕೆಗೂ ಅವನ ಆಜ್ಞೆಗಳಿಗೂ ನಡುವಣ ಸಂಬಂಧವೇನೆಂದು ಅವನನ್ನೇ ನಿಲ್ಲಿಸಿ ಕೇಳುವ ಪಾತ್ರವಿಲ್ಲ. 1784ರಲ್ಲಿ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು, 1785ರಲ್ಲಿ ಕೊಡಗಿನ ಜನರನ್ನು ಒಕ್ಕಲೆಬ್ಬಿಸಿದ್ದು, 1788-89ರಲ್ಲಿ ಮಲಬಾರಿನ ಬಲಾತ್ಕಾರದ ಮತಾಂತರಗಳು ರಂಗದ ನಡುವಿಗೆ ಬರುವುದಿಲ್ಲ. ಸಂಖ್ಯೆಗಳ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ, ಘಟನೆಗಳ ಬಗ್ಗೆ ಇಲ್ಲ. ಬದುಕಿದ್ದ ನೆಲ ಬಿಟ್ಟು, ಹುಟ್ಟಿದ ಹೆಸರು ಬಿಟ್ಟು ನಡೆದವರ ದುಃಖಕ್ಕೆ ಸಂಖ್ಯೆ ಹೆಚ್ಚು ಕಡಿಮೆಯಾದರೆ ವ್ಯತ್ಯಾಸವಾಗದು. ಮಕ್ಕಳನ್ನು ಒತ್ತೆಯಿಟ್ಟ ತಂದೆಯ ನೋವನ್ನು ಅಷ್ಟು ಹತ್ತಿರದಿಂದ ಕಂಡ ನಾಟಕಕಾರರು, ಅದೇ ತಂದೆಯ ಆಜ್ಞೆಯಿಂದ ಮಕ್ಕಳನ್ನು ಕಳೆದುಕೊಂಡ ಮನೆಗಳತ್ತ ಒಮ್ಮೆ ತಿರುಗಿ ನೋಡಿದ್ದರೆ ದುರಂತ ಇನ್ನೂ ಆಳವಾಗುತ್ತಿತ್ತೆಂದು ನಮಗನಿಸುತ್ತದೆ.

ಇದೇ ಅರಸನು, 1791ರಲ್ಲಿ ಮರಾಠಾ ದಂಡಿನ ಪಿಂಡಾರಿಗಳು ಶೃಂಗೇರಿಯನ್ನು ಲೂಟಿ ಮಾಡಿದಾಗ, ಮಠದ ಸ್ವಾಮಿಗಳನ್ನು ಜಗದ್ಗುರುಗಳೆಂದು ಸಂಬೋಧಿಸಿ ಕನ್ನಡದಲ್ಲಿ ಪತ್ರ ಬರೆಸಿ, ಶಾರದೆಯ ಪುನಃಪ್ರತಿಷ್ಠೆಗೆ ಹಣ ಕೊಡಿಸಿ, ರಾಜ್ಯದ ಕ್ಷೇಮಕ್ಕಾಗಿ ಜಪ ನಡೆಸಿರೆಂದು ಬೇಡಿಕೊಂಡ. ಆ ಪತ್ರಗಳನ್ನು 1916ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ನಂಜನಗೂಡಿನ ಪಚ್ಚೆಲಿಂಗದ ಕಥೆಯೂ ‘ಹಕೀಮ ನಂಜುಂಡ’ ಎಂಬ ಹೆಸರೂ ಮೈಸೂರಿಗೆ ಹೋಗಿಬರುವ ನಮಗೆಲ್ಲ ಪರಿಚಿತ. ಇದರ ಜೊತೆಗೆ ಇನ್ನೊಂದನ್ನೂ ಸೇರಿಸಬೇಕು: ತೆರಿಗೆಯ ಭಾರಕ್ಕೆ ಎದುರಾಗಿ ದಂಗೆಯೆದ್ದ ಏರನಾಡಿನ ಮಾಪ್ಪಿಳೆಗಳನ್ನು ಅವನು ದಂಡಿಸಿದ, ಮಹದವಿ ಪಂಥದ ಮುಸ್ಲಿಮರನ್ನು ರಾಜ್ಯದಿಂದ ಹೊರಹಾಕಿದ, ಅವನ ಮೇಲೆ ದಂಡೆತ್ತಿ ಬಂದವರಲ್ಲಿ ನಿಜಾಮನೂ ಇದ್ದ. ಇವೆಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಕಾಣುವುದಿಷ್ಟು. ವಿಧೇಯನಾದ ಪ್ರಜೆಯ ಗುಡಿಗೆ ರಕ್ಷಣೆ ಇತ್ತು, ದಂಗೆಯೆದ್ದ ಸೀಮೆಯ ಮೇಲೆ ಧರ್ಮವೇ ಶಿಕ್ಷೆಯಾಗಿ ಬಿತ್ತು. ರಾಜ್ಯದ ಹಿತವೇ ಅಳತೆಗೋಲು. ಹಾಗೆಂದು ಇದರಿಂದ ಅವನ ನಂಬಿಕೆ ಬರಿಯ ನಟನೆಯಾಗಿತ್ತೆಂದೂ ತೀರ್ಮಾನಿಸಲಾಗದು. ಯಾರಿಗೂ ತೋರಿಸಬೇಕಿಲ್ಲದ ಕನಸಿನ ಪುಸ್ತಕದಲ್ಲಿ ಪ್ರವಾದಿಯವರೂ ಸಂತರೂ ಬರುತ್ತಾರೆ. ಹಾಳುಬಿದ್ದ ಗುಡಿಯೊಂದರಲ್ಲಿ ಕಣ್ಣು ಚಲಿಸುವ ಮೂರ್ತಿಗಳನ್ನು ಕಂಡು, ನೀವು ದೇವರ ಧ್ಯಾನದಲ್ಲಿರಿ ಎಂದು ಹೇಳಿ, ಆ ಕಟ್ಟಡವನ್ನು ದುರಸ್ತಿ ಮಾಡಿಸಲು ಆಜ್ಞೆಯಿತ್ತ ಕನಸೂ ಬರುತ್ತದೆ. ನಂಬಿಕೆ, ಭಯ, ರಾಜನೀತಿ ಮೂರೂ ಒಂದೇ ಎದೆಯಲ್ಲಿ ಕಲೆತಿದ್ದವು. ಅವುಗಳನ್ನು ಬೇರ್ಪಡಿಸಿ ಒಂದನ್ನೇ ಹಿಡಿದವರು ಒಂದೋ ಸಂತನನ್ನು ಕಾಣುತ್ತಾರೆ, ಇಲ್ಲವೆ ರಾಕ್ಷಸನನ್ನು.

ನೆನಪುಗಳನ್ನು ಓದುವಾಗಲೂ ಇದೇ ಎಚ್ಚರ ಬೇಕು. ಬಡಗ ಬಂಧುಗಳಲ್ಲಿ, ತಮ್ಮ ಮನೆಯ ಹೆಣ್ಣನ್ನು ಬಯಸಿದ ಮುಸಲ್ಮಾನ ಅರಸನಿಂದ ತಪ್ಪಿಸಿಕೊಂಡು ಹಿರಿಯರು ಬಡಗಣ ಸೀಮೆಯಿಂದ ಬೆಟ್ಟ ಹತ್ತಿದರೆಂಬ ಕಥೆಯಿದೆ. ಅದನ್ನು ಕೇಳಿದವರು ಕೂಡಲೇ ಹೈದರ್, ಟಿಪ್ಪುಗಳ ಹೆಸರು ಹೇಳುವುದುಂಟು. ಆದರೆ 1603ರಲ್ಲಿ ನೀಲಗಿರಿಗೆ ಬಂದ ಜೆಸ್ಯೂಟ್ ಪಾದ್ರಿ ಫೆನಿಸಿಯೋ ಇಲ್ಲಿ ಬಡಗರ ಊರನ್ನು ಆಗಲೇ ಕಂಡಿದ್ದ. ಹೈದರನ ಆಳ್ವಿಕೆಗೆ ಅದು ಒಂದೂವರೆ ಶತಮಾನದಷ್ಟು ಹಿಂದಿನ ಮಾತು. 1565ರಲ್ಲಿ ವಿಜಯನಗರ ಬಿದ್ದ ಮೇಲಿನ ಕೋಲಾಹಲದ ನೆನಪೇ ಈ ರೂಪ ತಳೆದಿರಬಹುದೆಂದು ಊಹಿಸಲು ಎಡೆಯಿದೆ. ಇದರಿಂದ ಕಥೆಯ ಬೆಲೆ ಕಡಿಮೆಯಾಗುವುದಿಲ್ಲ. ನೆಲೆ ತಪ್ಪಿದವರ ಭಯವನ್ನು ಅದು ನಿಜವಾಗಿಯೇ ಹೇಳುತ್ತದೆ. ಆ ಭಯಕ್ಕೆ ನಾವಾಗಿ ಒಂದು ಹೆಸರನ್ನು ಅಂಟಿಸಿದಾಗ ಮಾತ್ರ ಅದು ಸುಳ್ಳಾಗುತ್ತದೆ. ಗೂಡಲೂರಿನಾಚೆಯ ಸುಲ್ತಾನ್ ಬತ್ತೇರಿ ಇನ್ನೊಂದು ನಿದರ್ಶನ. ಕನ್ನಡ ನಾಡಿನಿಂದ ಹೋದ ಜೈನರು ‘ಹನ್ನೆರಡು ಬೀದಿ’ ಎಂದು ಕರೆದ ಆ ಊರು ಮುಂದೆ ಗಣಪತಿವಟ್ಟವಾಗಿ, ಅಲ್ಲಿನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡಿನ ಉಗ್ರಾಣವಾಗಿ ಬಳಸಿದ್ದರಿಂದ ಈಗಿನ ಹೆಸರು ಪಡೆಯಿತು. ಜಿನಬಿಂಬದ ಮನೆಯನ್ನು ಉಗ್ರಾಣ ಮಾಡಿದ್ದು ದಂಡಿನ ಅಗತ್ಯ. ಅದರಿಂದ ಭಕ್ತರಿಗಾದ ನೋವೂ ಅಷ್ಟೇ ನಿಜ.

ಆದುದರಿಂದ ನಮ್ಮ ತೀರ್ಮಾನ ಹೀಗೆ. ಧರ್ಮವು ಅರಸನ ಕೈಗೆ ಸಿಕ್ಕಾಗ ಅದಕ್ಕಾಗುವ ಗತಿಯನ್ನು ‘ತುಘಲಕ್’ ಕೊನೆಯವರೆಗೂ ಹಿಂಬಾಲಿಸುತ್ತದೆ. ನಮಾಜಿನ ಕರೆ ಮತ್ತೆ ಕೇಳಿಸುವಾಗ ಸುಲ್ತಾನನು ನಿದ್ರೆಗೆ ಜಾರಿರುವ ಅಂತ್ಯ ಅದಕ್ಕೆ ಸಾಕ್ಷಿ: ತಾನೇ ಕಡ್ಡಾಯಗೊಳಿಸಿ ತಾನೇ ನಿಲ್ಲಿಸಿದ ಪ್ರಾರ್ಥನೆಗೆ ಅವನು ಏಳಲಾರ. ‘ಟಿಪ್ಪು ಸುಲ್ತಾನ ಕಂಡ ಕನಸು’ ಪ್ರೀತಿಯಿಂದ ಬರೆದ ನಾಟಕ. ಅದರ ಮಿತಿಯೂ ಆ ಪ್ರೀತಿಯಲ್ಲಿಯೇ ಇದೆ. ದೆಹಲಿಯ ಸುಲ್ತಾನನಿಗೆ ಕೇಳಿದ ಪ್ರಶ್ನೆಗಳನ್ನು ಮನೆಯ ಅರಸನಿಗೆ ಕೇಳಲು ನಾಟಕಕಾರರು ಹಿಂಜರಿದರು. ದೂರದವನನ್ನು ನಿಷ್ಠುರವಾಗಿ ನೋಡುವುದು ಸುಲಭ, ಹತ್ತಿರದವನನ್ನು ಹಾಗೆ ನೋಡುವುದು ಕಷ್ಟ. ಇದು ಕಾರ್ನಾಡರೊಬ್ಬರ ಕಷ್ಟವಲ್ಲ. ನಮ್ಮ ಸಂಘದ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇತಿಹಾಸ ಓದಿ ಬಂದು, ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂದು ಕೇಳುತ್ತಾರೆ. ಒಂದು ಮಾತಿನ ಉತ್ತರ ಕೊಟ್ಟು ಕಳುಹಿಸದೆ, ಈ ಎರಡು ನಾಟಕಗಳನ್ನೂ ಅವರೊಂದಿಗೆ ಕುಳಿತು ಗಟ್ಟಿಯಾಗಿ ಓದೋಣ. ಓದುವಾಗ ಕೊಡವ, ಮಲಯಾಳಿ, ಬಡಗ, ಮುಸ್ಲಿಂ ನೆರೆಯವರನ್ನೂ ಕರೆಯೋಣ. ಎರಡನೆಯ ನಾಟಕದಲ್ಲಿ ಕಾಣೆಯಾಗಿರುವ ಇಮಾಮುದ್ದೀನನ ಪ್ರಶ್ನೆಗಳನ್ನು ಅವರಲ್ಲಿ ಯಾರಾದರೂ ಕೇಳಿಯಾರು.